ಗಿಟಾರ್‌ನಲ್ಲಿ ಫ್ರೆಟ್ ಬಝ್: ಅರ ಹಿಡಿಯುವ ಮೊದಲು ಅಳತೆ ಹಿಡಿಯಿರಿ

ಅಕೌಸ್ಟಿಕ್ ಗಿಟಾರ್‌ನ ತಂತಿ ಮೀಟಿದಾಗ ಸ್ವರದ ಜೊತೆಗೆ ‘ಝರ್ರ್’ ಎಂದು ಲೋಹದ ಸದ್ದು ಬಂದರೆ, ಕಂಪಿಸುತ್ತಿರುವ ತಂತಿ ಎಲ್ಲೋ ಒಂದು ಫ್ರೆಟ್ಟಿನ (ನೆಕ್ ಎಂಬ ಉದ್ದ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಯ) ನೆತ್ತಿಗೆ ತಾಗುತ್ತಿದೆ ಎಂದರ್ಥ. ಇದೇ ಫ್ರೆಟ್ ಬಝ್. ತಂಬೂರಿಯ ಕುದುರೆಯ ಮೇಲೆ ನೂಲೆಳೆ ಇಟ್ಟು ಬೇಕೆಂದೇ ಬರಿಸುವ ಝೇಂಕಾರದ ಹಿಂದಿರುವುದೂ ಇದೇ ತತ್ತ್ವ. ಗಿಟಾರ್‌ನಲ್ಲಿ ಅದು ಬೇಡದ ಜಾಗದಲ್ಲಿ, ಬೇಡದ ಹೊತ್ತಿನಲ್ಲಿ ಬರುತ್ತದೆ ಅಷ್ಟೆ.

ಇದನ್ನು ಸರಿಪಡಿಸಲು ಹೊರಟವರು ಹೆಚ್ಚಾಗಿ ಎಡವುವುದು ಕೆಲಸದ ಕ್ರಮದಲ್ಲಿ. ಸದ್ದು ಕೇಳಿದ ಕೂಡಲೇ ಆಲನ್ ಕೀ ಹುಡುಕಿ ಟ್ರಸ್ ರಾಡ್ (ನೆಕ್‌ನೊಳಗಿನ ಉಕ್ಕಿನ ಸರಳು) ತಿರುಗಿಸುತ್ತಾರೆ, ಇಲ್ಲವೇ ಸ್ಯಾಡಲ್ (ದೇಹದ ಮೇಲಿನ ಬ್ರಿಡ್ಜ್ ಎಂಬ ಮರದ ತುಂಡಿನಲ್ಲಿ ತಂತಿಗಳು ಒರಗುವ ಪಟ್ಟಿ) ಕಿತ್ತು ಅಡಿಗೆ ಏನಾದರೂ ತುರುಕುತ್ತಾರೆ. ಕಾರಣ ಬೇರೆಯೇ ಇದ್ದರೆ ಮೊದಲಿದ್ದ ಒಂದು ತೊಂದರೆಯ ಪಕ್ಕಕ್ಕೆ ಇನ್ನೊಂದು ಬಂದು ಕೂರುತ್ತದೆ. ಆದ್ದರಿಂದ ಮೊದಲು ಸದ್ದಿನ ಜಾಗ ಗುರುತಿಸಿ, ಆಮೇಲೆ ಅಳೆಯಿರಿ, ಕೊನೆಗೆ ಕೈ ಹಾಕಿ. ಕೈ ಹಾಕುವಾಗಲೂ ಹಿಂದಕ್ಕೆ ತರಬಹುದಾದ ಕೆಲಸ ಮೊದಲು. ತಂತಿ ಬದಲಾಯಿಸಿದರೆ, ಟ್ರಸ್ ರಾಡ್ ಕಾಲು ಸುತ್ತು ತಿರುಗಿಸಿದರೆ, ಮತ್ತೆ ಮೊದಲಿನಂತೆ ಮಾಡಬಹುದು. ಅರದ ಬಾಯಿಗೆ ಸಿಕ್ಕ ನಟ್ ಅಥವಾ ಫ್ರೆಟ್ ಮತ್ತೆ ಬೆಳೆಯುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಈ ಲೇಖನದಲ್ಲಿ ಬರಿ ‘ನಟ್’ ಎಂದರೆ ಗಿಟಾರ್ ತಲೆಯ ಬುಡದಲ್ಲಿ ಆರೂ ತಂತಿಗಳು ಕೂರುವ ಬಿಳಿ ಪಟ್ಟಿ. ಬೋಲ್ಟಿಗೆ ಹಾಕುವ ನಟ್ ಅಲ್ಲ. ಆರನೇ ತಂತಿ ಎಂದರೆ ಎಲ್ಲಕ್ಕಿಂತ ದಪ್ಪದ್ದು, ಒಂದನೆಯದು ಎಲ್ಲಕ್ಕಿಂತ ಸಣ್ಣದು.

ಬೇಕಾಗುವ ಸಾಮಾನು

ಅರ್ಧ ಮಿಲಿಮೀಟರ್ ಗೆರೆಗಳಿರುವ ಸ್ಟೀಲ್ ಸ್ಕೇಲು, ಕಾಪೋ (ಎಲ್ಲ ತಂತಿಗಳನ್ನೂ ಒಮ್ಮೆಗೇ ಒತ್ತಿ ಹಿಡಿಯುವ ಕ್ಲಿಪ್), ನಿಮ್ಮ ಗಿಟಾರ್‌ಗೆ ಹೊಂದುವ ಆಲನ್ ಕೀ, ಟ್ಯೂನರ್, ಮಾಸ್ಕಿಂಗ್ ಟೇಪ್, ಒಂದು ಸಣ್ಣ ಟಾರ್ಚ್. ಫೀಲರ್ ಗೇಜ್ ಇದ್ದರೆ ಕೆಲಸ ನಿಖರ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ಅದೇ ಉಕ್ಕಿನ ಎಲೆಗಳ ಗೊಂಚಲು ಇದು, ಆಟೊಮೊಬೈಲ್ ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಜೆರಾಕ್ಸ್ ಅಂಗಡಿಯ 80 ಜಿಎಸ್‌ಎಂ ಎ4 ಹಾಳೆ ಸಾಕು. ಒಂದು ಹಾಳೆಯ ದಪ್ಪ ಸುಮಾರು 0.1 ಮಿಮೀ. ಎರಡು ಹಾಳೆ 0.2, ಮೂರು ಹಾಳೆ 0.3.

ಮೊದಲು ಗಿಟಾರ್ ಅನ್ನಲ್ಲ, ಸದ್ದನ್ನು ಪರೀಕ್ಷಿಸಿ

ಗಿಟಾರ್ ಅನ್ನು ನೀವು ನಿಜವಾಗಿ ನುಡಿಸುವ ಶ್ರುತಿಗೆ ಟ್ಯೂನ್ ಮಾಡಿ. ಅರ್ಧ ಸ್ವರ ಇಳಿಸಿ ಹಾಡುವವರು ಅಲ್ಲಿಗೇ ಇಳಿಸಿ ಪರೀಕ್ಷಿಸಬೇಕು, ಏಕೆಂದರೆ ಶ್ರುತಿ ಇಳಿದರೆ ತಂತಿಯ ಬಿಗಿ ಇಳಿಯುತ್ತದೆ, ಅಲುಗಾಟ ಅಗಲವಾಗುತ್ತದೆ. ಈಗ ಪ್ರತಿ ತಂತಿಯನ್ನೂ ಓಪನ್ ಆಗಿ (ಎಲ್ಲೂ ಬೆರಳು ಒತ್ತದೆ), ಆಮೇಲೆ ಒಂದನೇ ಫ್ರೆಟ್‌ನಿಂದ ಕೊನೆಯವರೆಗೆ ಒಂದೊಂದಾಗಿ, ಸಾಧಾರಣ ಬಲದಲ್ಲಿ ಮೀಟುತ್ತಾ ಹೋಗಿ. ಝರ್ ಎಂದ ಕಡೆಯಲ್ಲೆಲ್ಲ ಕಾಗದದ ಮೇಲೆ ತಂತಿ ಮತ್ತು ಫ್ರೆಟ್ ಸಂಖ್ಯೆ ಬರೆದುಕೊಳ್ಳಿ. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಉಳಿದ ಕೆಲಸವೆಲ್ಲ ಈ ಪಟ್ಟಿಯ ಮೇಲೆಯೇ ನಿಂತಿದೆ.

ಬೆರಳು ಫ್ರೆಟ್‌ನ ಹಿಂಬದಿಗೆ ಒತ್ತಿಕೊಂಡಿದೆಯೇ ನೋಡಿ. ಎರಡು ಫ್ರೆಟ್‌ಗಳ ನಟ್ಟನಡುವೆ ಒತ್ತಿದರೆ ಒಳ್ಳೆಯ ಗಿಟಾರ್ ಕೂಡ ಝರ್ ಎನ್ನುತ್ತದೆ. ಪಿಕ್‌ನಿಂದ ತಂತಿಯನ್ನು ಮರದ ಕಡೆಗೆ ಅದುಮಿ ಬಿಡುವ ಅಭ್ಯಾಸವಿದ್ದರೂ ಅಷ್ಟೆ: ತಂತಿ ಅಡ್ಡಕ್ಕೆ ಅಲುಗುವ ಬದಲು ಮೇಲೆ ಕೆಳಗೆ ಅಲುಗಿ ಫ್ರೆಟ್‌ಗೆ ಬಡಿಯುತ್ತದೆ. ಜೋರಾಗಿ ಸ್ಟ್ರಮ್ ಮಾಡಿದಾಗ ಮಾತ್ರ ಆರನೇ ತಂತಿ ಸ್ವಲ್ಪ ಗರಗರ ಎಂದರೆ ಅದನ್ನು ದೋಷವೆಂದು ಲೆಕ್ಕಕ್ಕೆ ಇಡಬೇಡಿ.

ಇನ್ನೊಂದು ಅನುಮಾನವನ್ನೂ ಇಲ್ಲೇ ಬಗೆಹರಿಸಿಕೊಳ್ಳಬೇಕು: ಸದ್ದು ಫ್ರೆಟ್‌ನದೇ, ಅಥವಾ ಎಲ್ಲೋ ಸಡಿಲವಾದ ಬಿಡಿಭಾಗದ್ದೇ? ಐದನೇ ತಂತಿಯನ್ನು ಓಪನ್ ಆಗಿ ಮೀಟಿ. ಆಮೇಲೆ ಆರನೇ ತಂತಿಯ ಐದನೇ ಫ್ರೆಟ್ ಒತ್ತಿ ಮೀಟಿ. ಎರಡೂ ಒಂದೇ ಸ್ವರ, 110 ಹರ್ಟ್ಜ್‌ನ ಎ. ಎರಡು ಬೇರೆ ತಂತಿಗಳಲ್ಲಿ, ಬೇರೆ ಜಾಗಗಳಲ್ಲಿ, ಅದೇ ಸ್ವರಕ್ಕೆ ಅದೇ ಗರಗರ ಬಂದರೆ ಫ್ರೆಟ್ ನಿರಪರಾಧಿ. ಆ ಸ್ವರದ ಕಂಪನಕ್ಕೆ ಏನೋ ಒಂದು ಸಡಿಲ ವಸ್ತು ನಡುಗುತ್ತಿದೆ. ಬೇರೆ ಸ್ವರಗಳಲ್ಲಿ ತೊಂದರೆ ಇದ್ದರೂ ಹೀಗೇ ಜೋಡಿ ಹುಡುಕಿ ನೋಡಬಹುದು.

ಸಡಿಲ ವಸ್ತುವಿನ ಶೋಧಕ್ಕೆ ಒಬ್ಬರು ತಂತಿ ಮೀಟುತ್ತಿರಲಿ, ಇನ್ನೊಬ್ಬರು ಒಂದೊಂದೇ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿಯುತ್ತ ಹೋಗಲಿ. ಟ್ಯೂನಿಂಗ್ ಕೀಗಳ ಮುಂಬದಿಯ ಷಡ್ಭುಜ ನಟ್‌ಗಳು, ಹಿಂಬದಿಯ ಸಣ್ಣ ಸ್ಕ್ರೂಗಳು, ತಲೆಯ ಮೇಲೆ ಕತ್ತರಿಸದೆ ಬಿಟ್ಟ ತಂತಿಯ ಬಾಲ, ಬ್ರಿಡ್ಜ್ ಪಿನ್‌ಗಳು, ಸ್ಟ್ರ್ಯಾಪ್ ಬಟನ್, ಪಿಕಪ್ (ಸದ್ದನ್ನು ಆಂಪ್ಲಿಫೈಯರ್‌ಗೆ ಕಳಿಸುವ ಸಾಧನ) ಇದ್ದರೆ ಒಳಗೆ ನೇತಾಡುವ ವೈರ್ ಮತ್ತು ಬ್ಯಾಟರಿ ಡಬ್ಬಿ. ಯಾವುದನ್ನು ಹಿಡಿದಾಗ ಸದ್ದು ನಿಲ್ಲುತ್ತದೋ ಕಳ್ಳ ಅದೇ. ಅಂಗಿಯ ಗುಂಡಿ ಗಿಟಾರ್‌ನ ಬೆನ್ನಿಗೆ ತಾಗಿ ಬರುವ ಸದ್ದಿಗೂ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವವರಿದ್ದಾರೆ. ಮರದ ಮೇಲ್ಮೈಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಒಂದು ಕಡೆ ಮಾತ್ರ ಒಡಕು ಸದ್ದು ಬಂದರೆ ಒಳಗಿನ ಬ್ರೇಸ್ (ಹಲಗೆಗೆ ಅಂಟಿಸಿದ ಆಧಾರದ ಮರದ ಪಟ್ಟಿ) ಬಿಟ್ಟುಕೊಂಡಿದೆ. ಅದು ಅಂಟು ಹಾಕಿ ಕ್ಲ್ಯಾಂಪ್ ಮಾಡುವ ಕೆಲಸ, ಮುಂದಿನ ಯಾವ ಹಂತದಿಂದಲೂ ಹೋಗದು.

ಪಟ್ಟಿ ಏನು ಹೇಳುತ್ತದೆ?

ಓಪನ್ ತಂತಿಯಲ್ಲಿ ಮಾತ್ರ ಸದ್ದಿದ್ದು, ಒಂದನೇ ಫ್ರೆಟ್‌ಗೆ ಕಾಪೋ ಹಾಕಿದೊಡನೆ ಹೋದರೆ, ನಟ್‌ನ ಗಾಡಿ (ತಂತಿ ಕೂರುವ ಕೊರಕಲು) ಆಳವಾಗಿದೆ.

ಒಂದರಿಂದ ಐದನೇ ಫ್ರೆಟ್‌ವರೆಗೆ ಹಲವು ತಂತಿಗಳಲ್ಲಿ ಸದ್ದಿದ್ದರೆ, ನೆಕ್ ಅತಿ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ.

ಹತ್ತು ಹನ್ನೆರಡನೇ ಫ್ರೆಟ್ ದಾಟಿದ ಮೇಲೆ ಸದ್ದು ಹೆಚ್ಚಿದರೆ ಸ್ಯಾಡಲ್ ತಗ್ಗಿದೆ. ನೆಕ್ ಅತಿಯಾಗಿ ಮುಂದಕ್ಕೆ ಬಾಗಿದ್ದರೂ ಹೀಗಾಗಬಹುದು. 14ನೇ ಫ್ರೆಟ್ ಬಳಿ, ನೆಕ್ ದೇಹಕ್ಕೆ ಸೇರುವಲ್ಲಿ, ಫ್ರೆಟ್‌ಬೋರ್ಡ್ ಉಬ್ಬಿದ್ದರೂ ಆಗಬಹುದು.

ಒಂದೋ ಎರಡೋ ಫ್ರೆಟ್‌ಗಳಲ್ಲಿ ಮಾತ್ರ ಸದ್ದಿದ್ದರೆ, ಅದರ ಮುಂದಿನ ಫ್ರೆಟ್ ಎದ್ದಿದೆ, ಇಲ್ಲವೇ ಒತ್ತಿದ ಫ್ರೆಟ್ ಸವೆದು ಗುಳಿ ಬಿದ್ದಿದೆ. ಗಮನಿಸಿ: ನಾಲ್ಕನೆಯದನ್ನು ಒತ್ತಿದಾಗ ಸದ್ದು ಬಂದರೆ ತಪ್ಪು ಸಾಮಾನ್ಯವಾಗಿ ಐದನೆಯದರದ್ದು.

ಒಂದೇ ತಂತಿ, ಓಪನ್‌ನಿಂದ ಕೊನೆಯವರೆಗೆ ಎಲ್ಲ ಕಡೆ ಝೇಂಕರಿಸಿದರೆ ಮೊದಲು ತಂತಿಯನ್ನೇ ಅನುಮಾನಿಸಿ, ಆಮೇಲೆ ಸ್ಯಾಡಲ್‌ನ ನೆತ್ತಿಯನ್ನು ನೋಡಿ. ತಂತಿ ಕೊರೆದ ಅಗಲವಾದ ಗುಳಿ ಅಲ್ಲಿದ್ದರೆ, ತಂತಿ ಒಂದು ಚೂಪಾದ ಅಂಚಿನಿಂದ ಹೊರಡುವ ಬದಲು ಚಪ್ಪಟೆ ಜಾಗದ ಮೇಲೆ ಉಜ್ಜುತ್ತದೆ. ಸದ್ದು ಥೇಟ್ ಸಿತಾರಿನದು.

ಕೆಲವೊಮ್ಮೆ ಸದ್ದು ಬೆರಳಿನ ಮುಂದಲ್ಲ, ಹಿಂದೆ ಇರುತ್ತದೆ. ಅಂದರೆ ಒತ್ತಿದ ಬೆರಳಿಗೂ ನಟ್‌ಗೂ ನಡುವಿನ ತಂತಿ ಕಂಪಿಸಿ ಅಲ್ಲಿನ ಫ್ರೆಟ್‌ಗೆ ತಾಗುತ್ತದೆ. ಇನ್ನೊಂದು ಬೆರಳಿನಿಂದ ಆ ಭಾಗವನ್ನು ಹಗುರವಾಗಿ ಮುಟ್ಟಿ. ಸದ್ದು ನಿಂತರೆ ನೆಕ್ ಅತಿ ನೇರವಾಗಿದೆ ಎಂಬುದಕ್ಕೆ ಅದು ಬಲವಾದ ಸುಳಿವು.

ತಂತಿ ಮತ್ತು ಹವೆ

ಹಳೆಯ ತಂತಿಯ ಮೇಲೆ ಅಳತೆ ತೆಗೆಯುವುದು ದಂಡ. ಹೊಸ ಸೆಟ್ ಹಾಕಿ, ಹಿಂದೆ ಇದ್ದ ಗೇಜ್‌ನದ್ದೇ (ದಪ್ಪದ್ದೇ) ಹಾಕಿ. ಬೆರಳು ನೋಯುತ್ತದೆಂದು 12ರ ಸೆಟ್ (ಒಂದನೇ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಭಾಗ) ತೆಗೆದು ಅದಕ್ಕಿಂತ ಸಣ್ಣ 10ರ ಸೆಟ್ ಹಾಕಿದ ಮರುದಿನವೇ ಝರ್ ಶುರುವಾಗುವುದು ಬಹಳ ಸಾಮಾನ್ಯ. 12–53ರ ಸೆಟ್ (ಒಂದನೇ ತಂತಿ 12, ಆರನೆಯದು 53) ನೆಕ್ ಅನ್ನು 70 ಕೆಜಿಗೂ ಹೆಚ್ಚಿನ ಬಲದಿಂದ ಮುಂದಕ್ಕೆ ಎಳೆಯುತ್ತಿರುತ್ತದೆ. 10ರ ಸೆಟ್‌ನ ಎಳೆತ ಅದಕ್ಕಿಂತ ಸಾಕಷ್ಟು ಕಡಿಮೆ. ಎಳೆತ ತಗ್ಗಿದಾಗ ಟ್ರಸ್ ರಾಡ್ ಗೆದ್ದು ನೆಕ್ ಹಿಂದಕ್ಕೆ ನೆಟ್ಟಗಾಗುತ್ತದೆ, ತಂತಿ ಫ್ರೆಟ್‌ಗಳ ಹತ್ತಿರ ಬರುತ್ತದೆ. ಹಗುರ ತಂತಿಯೇ ಬೇಕೆಂದರೆ ಹಾಕಿಕೊಳ್ಳಿ, ಆದರೆ ಟ್ರಸ್ ರಾಡ್ ಕೂಡ ಸ್ವಲ್ಪ ಸಡಿಲಿಸಬೇಕಾದೀತು ಎಂದು ತಿಳಿದಿರಿ. ತಂತಿ ಹಾಕುವಾಗ ಅದರ ತುದಿಯ ಹಿತ್ತಾಳೆ ಗುಂಡು ಬ್ರಿಡ್ಜ್‌ನ ಒಳಗಿನ ಹಲಗೆಗೆ ಸರಿಯಾಗಿ ಕಚ್ಚಿಕೊಂಡಿದೆಯೇ ನೋಡಿ. ಪಿನ್‌ನ ತುದಿಗೆ ಸಿಕ್ಕಿಕೊಂಡಿದ್ದರೆ ಅದೂ ಗರಗರ ಎನ್ನುತ್ತದೆ, ಟ್ಯೂನಿಂಗ್ ಕೂಡ ನಿಲ್ಲುವುದಿಲ್ಲ.

ಹವೆಯ ವಿಚಾರಕ್ಕೆ ಬಂದರೆ, ಗಿಟಾರ್‌ನ ಮರಕ್ಕೆ ಹಿತವಾದದ್ದು 45ರಿಂದ 55 ಶೇಕಡ ತೇವಾಂಶ. ಕರಾವಳಿಯ ಮಳೆಗಾಲದಲ್ಲಿ ಇದು 85 ದಾಟುವುದುಂಟು. ಆಗ ಮೇಲ್ಹಲಗೆ ನೀರು ಹೀರಿ ಉಬ್ಬಿ, ಬ್ರಿಡ್ಜ್ ಎತ್ತರವಾಗಿ, ತಂತಿ ಒತ್ತಲು ಕಷ್ಟವಾಗುತ್ತದೆ. ಬೆಂಗಳೂರಿನಲ್ಲಿ ಫೆಬ್ರುವರಿ–ಮಾರ್ಚ್ ಮಧ್ಯಾಹ್ನಗಳಲ್ಲಿ, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ, ಅಥವಾ ಊರು ಯಾವುದೇ ಇರಲಿ, ದಿನವಿಡೀ ಏಸಿ ಓಡುವ ಕೋಣೆಯಲ್ಲಿ ಇದರ ಉಲ್ಟಾ. ಹಲಗೆ ಒಣಗಿ ಕುಸಿಯುತ್ತದೆ, ಬ್ರಿಡ್ಜ್ ಇಳಿಯುತ್ತದೆ, ತಂತಿ ತಗ್ಗಿ ಝರ್ ಎನ್ನುತ್ತದೆ. ಮಂಗಳೂರಿನಲ್ಲಿ ಮಳೆಗಾಲದಲ್ಲಿ ಸ್ಯಾಡಲ್ ಉಜ್ಜಿ ತಗ್ಗಿಸಿಕೊಂಡ ಗಿಟಾರ್ ಬೆಂಗಳೂರಿಗೆ ಬಂದು ಬೇಸಿಗೆ ಕಂಡರೆ ಸದ್ದು ಮಾಡದೆ ಇದ್ದೀತೆ?

ಒಣಗಿದ ಗಿಟಾರ್‌ಗೆ ಎರಡು ಗುರುತು. ನೆಕ್‌ನ ಅಂಚಿನ ಮೇಲೆ ಅಂಗೈ ಸವರಿದರೆ ಫ್ರೆಟ್‌ಗಳ ತುದಿ ಚುಚ್ಚುತ್ತವೆ, ಏಕೆಂದರೆ ಮರ ಕುಗ್ಗಿದೆ, ಲೋಹ ಕುಗ್ಗಿಲ್ಲ. ಇನ್ನೊಂದು, ಬ್ರಿಡ್ಜ್‌ನ ಹಿಂಬದಿಯಲ್ಲಿ ಮೇಲ್ಹಲಗೆಗೆ ಅಡ್ಡವಾಗಿ ಸ್ಕೇಲು ನಿಲ್ಲಿಸಿ. ಸರಿಯಾದ ಹಲಗೆ ನಡುವಿನಲ್ಲಿ ತುಸು ಉಬ್ಬಿರುತ್ತದೆ, ಹಾಗಾಗಿ ಸ್ಕೇಲಿನ ತುದಿಗಳ ಕೆಳಗೆ ಬೆಳಕು ಕಾಣಬೇಕು. ನಡುವೆ ಬೆಳಕು ಕಂಡರೆ ಹಲಗೆ ಕುಸಿದಿದೆ. ಹೀಗಿದ್ದಾಗ ಯಾವ ಸ್ಕ್ರೂವನ್ನೂ ಮುಟ್ಟಬೇಡಿ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು ಇಟ್ಟು, ಗಿಟಾರ್ ಜೊತೆ ಕೇಸ್‌ನಲ್ಲಿ ಮುಚ್ಚಿಡಿ. ನೀರು ತೊಟ್ಟಿಕ್ಕುವಂತೆ ಇರಕೂಡದು. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಹೈಗ್ರೋಮೀಟರ್ ಒಳಗಿಟ್ಟರೆ ಅಂಕಿ ಗೊತ್ತಾಗುತ್ತದೆ. ಒಂದೆರಡು ವಾರ ಬಿಟ್ಟು ಮತ್ತೆ ಪರೀಕ್ಷಿಸಿ. ಎಷ್ಟೋ ಗಿಟಾರ್‌ಗಳ ರಿಪೇರಿ ಇಲ್ಲಿಗೇ ಮುಗಿದುಹೋಗುತ್ತದೆ.

ನೆಕ್‌ನ ಬಾಗು

ಕಂಪಿಸುವ ತಂತಿಯ ಅಲುಗಾಟ ನಡುವಿನಲ್ಲಿ ಅಗಲ, ತುದಿಗಳಲ್ಲಿ ಕಿರಿದು. ಅದಕ್ಕೆ ಜಾಗ ಬಿಡಲು ನೆಕ್ ಪೂರ್ತಿ ನೇರವಾಗಿರದೆ ಕೂದಲೆಳೆಯಷ್ಟು ಮುಂದಕ್ಕೆ ಬಾಗಿರಬೇಕು. ಇದನ್ನು ರಿಲೀಫ್ ಎನ್ನುತ್ತಾರೆ. ನೆಕ್‌ನ ಒಳಗೆ ಉದ್ದಕ್ಕೆ ಹುದುಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿನ ಕೆಲಸ ಈ ಬಾಗನ್ನು ಹಿಡಿತದಲ್ಲಿಡುವುದು, ಅಷ್ಟೇ. ತಂತಿಯ ಎತ್ತರ ಏರಿಸಿ ಇಳಿಸುವ ಸ್ಕ್ರೂ ಅದಲ್ಲ. ಅದನ್ನು ತಿರುಗಿಸಿದಾಗ ಎತ್ತರವೂ ಸ್ವಲ್ಪ ಬದಲಾಗುತ್ತದೆ ನಿಜ, ಆದರೆ ಎತ್ತರಕ್ಕಾಗಿಯೇ ಅದನ್ನು ತಿರುಗಿಸಿದವರು ಮುಂದಿನ ಎಲ್ಲ ಅಳತೆಗಳನ್ನೂ ಕೆಡಿಸಿಕೊಳ್ಳುತ್ತಾರೆ.

ಅಳೆಯುವ ಬಗೆ:

1. ಟ್ಯೂನ್ ಮಾಡಿದ ಗಿಟಾರ್ ಅನ್ನು ನುಡಿಸುವ ಭಂಗಿಯಲ್ಲೇ ಹಿಡಿಯಿರಿ. ಬೆನ್ನಿನ ಮೇಲೆ ಮಲಗಿಸಿದರೆ ನೆಕ್‌ನ ಸ್ವಂತ ಭಾರ ಅಳತೆಯನ್ನು ಬದಲಿಸುತ್ತದೆ.
2. ಒಂದನೇ ಫ್ರೆಟ್‌ಗೆ ಕಾಪೋ ಹಾಕಿ.
3. ಆರನೇ ತಂತಿಯನ್ನು 14ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ನೇರಪಟ್ಟಿ.
4. ಏಳನೇ ಫ್ರೆಟ್‌ನ ನೆತ್ತಿಗೂ ತಂತಿಯ ತಳಕ್ಕೂ ನಡುವಿನ ಸಂದು ನೋಡಿ. 0.15ರಿಂದ 0.25 ಮಿಮೀ ಇರಬೇಕು. ಒಂದು ಎ4 ಹಾಳೆ ಸಲೀಸಾಗಿ ತೂರಬೇಕು, ಮೂರು ಹಾಳೆ ಸೇರಿಸಿ ತೂರಿಸಿದರೆ ತಂತಿ ಮೇಲೇಳಬೇಕು.

ಸಂದೇ ಇಲ್ಲ, ತಂತಿ ಫ್ರೆಟ್ ಮೇಲೆ ಮಲಗಿದೆ ಎಂದಾದರೆ ರಾಡ್ ಸಡಿಲಿಸಬೇಕು. ಮೂರು ಹಾಳೆಯೂ ಸುಮ್ಮನೆ ಹೋಗಿ ಬರುತ್ತಿದ್ದರೆ ಬಿಗಿಸಬೇಕು.

ರಾಡ್‌ನ ಬಾಯಿ ಕೆಲವು ಗಿಟಾರ್‌ಗಳಲ್ಲಿ ಸೌಂಡ್ ಹೋಲ್‌ನ ಒಳಗೆ, ಫ್ರೆಟ್‌ಬೋರ್ಡ್‌ನ ಅಡಿಯಲ್ಲಿರುತ್ತದೆ. ಕೆಲವಕ್ಕೆ ತಲೆಯ ಮೇಲೆ, ಎರಡು ಮೂರು ಸ್ಕ್ರೂಗಳ ಸಣ್ಣ ಮುಚ್ಚಳದ ಕೆಳಗೆ. ಬಹಳಷ್ಟಕ್ಕೆ 4 ಅಥವಾ 5 ಮಿಮೀ ಆಲನ್ ಕೀ ಹೊಂದುತ್ತದೆ. ಕೀ ಪೂರ್ತಿ ಒಳಗೆ ಕೂತಿರಬೇಕು, ಒಂದಿಷ್ಟೂ ಆಡಬಾರದು. ಅರ್ಧ ಕೂತ ಕೀ ತಿರುಗಿಸಿ ಷಡ್ಭುಜದ ಮೂಲೆ ಉರುಟಾಯಿತೆಂದರೆ ಆಮೇಲೆ ಆ ರಾಡ್ ಯಾರ ಮಾತೂ ಕೇಳುವುದಿಲ್ಲ.

ರಾಡ್‌ನ ಬಾಯಿಗೆ ಎದುರಾಗಿ ನಿಂತು ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಗಿ, ಬಾಗು ಕಡಿಮೆ. ಎದುರು ದಿಕ್ಕಿಗೆ ಸಡಿಲ, ಬಾಗು ಹೆಚ್ಚು. ಬಝ್‌ಗೆ ಸಾಮಾನ್ಯವಾಗಿ ಬೇಕಾಗುವುದು ಸಡಿಲಿಕೆ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು. ಆಮೇಲೆ ಮತ್ತೆ ಟ್ಯೂನ್ ಮಾಡಿ ಮತ್ತೆ ಅಳೆಯಿರಿ. ಮರ ಒಡನೆಯೇ ಪೂರ್ತಿ ಒಗ್ಗುವುದಿಲ್ಲ, ಒಂದು ರಾತ್ರಿ ಬಿಟ್ಟು ನೋಡಿದರೆ ಅಂಕಿ ಇನ್ನಷ್ಟು ಸರಿದಿರುತ್ತದೆ. ಬಿಗಿಸುವಾಗ ಮೊದಲು ತಂತಿಗಳನ್ನು ಒಂದೆರಡು ಸ್ವರ ಇಳಿಸಿಕೊಳ್ಳಿ, ರಾಡ್ ಮೇಲಿನ ಹೊರೆ ತಗ್ಗುತ್ತದೆ. ಕೈಯಲ್ಲಿ ಅಸಹಜ ಬಿಗಿ ಅನಿಸಿದರೆ, ಕಿರ್ ಎಂದು ಮರ ಕೂಗಿದರೆ, ನಿಲ್ಲಿಸಿ. ಒಂದೇ ದಿಕ್ಕಿಗೆ ಕೆಲಸ ಮಾಡುವ ಹಳೆಯ ಮಾದರಿಯ ರಾಡ್ ಪೂರ್ತಿ ಸಡಿಲಾದರೆ ತಾನೇ ನೆಕ್ ಒಳಗೆ ಗಿಲಕಿಯಂತೆ ಸದ್ದು ಮಾಡಬಹುದು. ಹಾಗಾದರೆ ಸದ್ದು ನಿಲ್ಲುವಷ್ಟು ಮಾತ್ರ ಬಿಗಿಸಿ.

ಎಲ್ಲ ಗಿಟಾರ್‌ಗೂ ಈ ಸೌಲಭ್ಯವಿಲ್ಲ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ಗಳಲ್ಲಿ ಬಹುಪಾಲಿಗೆ ಟ್ರಸ್ ರಾಡ್ ಇರುವುದೇ ಇಲ್ಲ. ಅಮೆರಿಕದ ಮಾರ್ಟಿನ್ ಕಂಪನಿ ಕೂಡ ತನ್ನ ಗಿಟಾರ್‌ಗಳಿಗೆ ತಿರುಗಿಸಬಲ್ಲ ರಾಡ್ ಹಾಕಲು ಶುರು ಮಾಡಿದ್ದು 1985ರಲ್ಲಿ. ಅದಕ್ಕಿಂತ ಹಳೆಯದು ಕೈಗೆ ಬಂದರೆ ಸೌಂಡ್ ಹೋಲ್‌ನಲ್ಲಿ ಕೀ ಹಾಕಲು ತೂತು ಹುಡುಕಬೇಡಿ. ನಮ್ಮ ಮಾರುಕಟ್ಟೆಯ ತೀರ ಅಗ್ಗದ 38 ಇಂಚಿನ ಗಿಟಾರ್‌ಗಳಲ್ಲೂ ಕೆಲವಕ್ಕೆ ರಾಡ್ ಇರದು. ಅಂಥವಕ್ಕೆ ಬೇರೆ ಗೇಜ್‌ನ ತಂತಿ ಹಾಕಿ ಬಾಗು ಬದಲಿಸುವುದೊಂದೇ ಮನೆಮದ್ದು.

ನಟ್

ಆರನೇ ತಂತಿಯನ್ನು ಎರಡು ಮತ್ತು ಮೂರನೇ ಫ್ರೆಟ್‌ಗಳ ನಡುವೆ ಒತ್ತಿ ಹಿಡಿದು, ಒಂದನೇ ಫ್ರೆಟ್‌ನ ಮೇಲೆ ಟಾರ್ಚ್ ಬೆಳಕು ಬಿಡಿ. ತಂತಿಗೂ ಫ್ರೆಟ್‌ಗೂ ನಡುವೆ ಕಣ್ಣಿಗೆ ಕಂಡೂ ಕಾಣದಂಥ ಸಂದು, 0.05ರಿಂದ 0.15 ಮಿಮೀ, ಇರಬೇಕು. ಬೆರಳಿನಿಂದ ತಂತಿಯನ್ನು ಅಲ್ಲಿ ಕುಟ್ಟಿದರೆ ಸಣ್ಣಗೆ ‘ಟಿಕ್’ ಕೇಳಬೇಕು. ಕೇಳದಿದ್ದರೆ ತಂತಿ ಆಗಲೇ ಫ್ರೆಟ್ ಮೇಲೆ ಕೂತಿದೆ, ಗಾಡಿ ಆಳವಾಗಿದೆ. ಆರೂ ತಂತಿಗೆ ಹೀಗೇ ಮಾಡಿ. ಖಚಿತಪಡಿಸಿಕೊಳ್ಳಲು ಅನುಮಾನದ ತಂತಿಯನ್ನು ಎತ್ತಿ, ಗಾಡಿಯಲ್ಲಿ ಕಾಗದದ ಚೂರು ಇಟ್ಟು, ಮತ್ತೆ ಕೂರಿಸಿ ಓಪನ್ ಆಗಿ ಮೀಟಿ. ಸದ್ದು ಹೋದರೆ ರೋಗ ಸಿಕ್ಕಿತು. ಕಾಗದವನ್ನೇ ಕಾಯಂ ಮಾಡಬೇಡಿ, ಮೆತ್ತನೆಯ ವಸ್ತು ಸ್ವರವನ್ನು ಮಂಕಾಗಿಸುತ್ತದೆ.

ಮನೆಯಲ್ಲೇ ಗಾಡಿ ತುಂಬಿಸಲು ಅಡುಗೆ ಸೋಡಾ ಮತ್ತು ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಸಾಕು. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ. ನಟ್‌ನ ಎರಡೂ ಬದಿ, ಫ್ರೆಟ್‌ಬೋರ್ಡ್ ಮೇಲೂ ತಲೆಯ ಮೇಲೂ, ಮಾಸ್ಕಿಂಗ್ ಟೇಪ್ ಅಂಟಿಸಿ. ಗಾಡಿಯೊಳಗೆ ಚಿಟಿಕೆಯಲ್ಲಿ ಅರ್ಧದಷ್ಟು ಸೋಡಾ ಹಾಕಿ, ಹಲ್ಲುಕಡ್ಡಿಯಿಂದ ಒತ್ತಿ, ಹೊರಗೆ ಚೆಲ್ಲಿದ್ದನ್ನು ಊದಿಬಿಡಿ. ಗುಂಡುಸೂಜಿಯ ತುದಿಯಲ್ಲಿ ಒಂದೇ ಹನಿ ಗ್ಲೂ ಮುಟ್ಟಿಸಿ. ಅದು ಕ್ಷಣದಲ್ಲಿ ಬಿಸಿಯಾಗಿ ಕಲ್ಲಾಗುತ್ತದೆ, ಘಾಟು ಹೊಗೆ ಏಳುತ್ತದೆ. ಮುಖ ದೂರ ಇರಲಿ, ಕಿಟಕಿ ತೆರೆದಿರಲಿ. ಟ್ಯೂಬ್‌ನಿಂದ ನೇರ ಸುರಿದರೆ ಗ್ಲೂ ನಟ್‌ನ ಮೇಲೆಲ್ಲ ಹರಿದು ಪಾಲಿಶ್ ತಿನ್ನುತ್ತದೆ. ಗಾಡಿ ಪೂರ್ತಿ ತುಂಬದಿದ್ದರೆ ಇನ್ನೊಂದು ಪದರ ಹಾಕಿ.

ಇನ್ನು ಹೊಸ ಗಾಡಿ ಕೊರೆಯಬೇಕು. ನಟ್ ಕೊರೆಯುವ ಅರಗಳ ಸೆಟ್ ದುಬಾರಿ, ಒಂದು ತಂತಿಗಾಗಿ ಕೊಳ್ಳುವಂಥದ್ದಲ್ಲ. ಸುತ್ತು ಇರುವ ದಪ್ಪ ತಂತಿಗಳಿಗೆ ಅದೇ ದಪ್ಪದ ಹಳೆಯ ತಂತಿಯ ತುಂಡನ್ನೇ ಗರಗಸದಂತೆ ಎಳೆದಾಡಿಸಬಹುದು. ಸಣ್ಣ ತಂತಿಗಳಿಗೆ ಫೀಲರ್ ಗೇಜ್‌ನ ಎಲೆಗೆ 400 ನಂಬರಿನ ಎಮರಿ ಪೇಪರ್ ಮಡಚಿ ಹಿಡಿಯಿರಿ, ಪೇಪರ್‌ನ ದಪ್ಪವೂ ಲೆಕ್ಕಕ್ಕೆ ಸೇರುತ್ತದೆಂದು ನೆನಪಿರಲಿ. ಕೊರೆಯುವಾಗ ಅರದ ಹಿಡಿ ಟ್ಯೂನಿಂಗ್ ಕೀಯ ಕಡೆಗೆ ತುಸು ಇಳಿಜಾರಾಗಿರಬೇಕು. ಗಾಡಿಯ ಅತ್ಯಂತ ಎತ್ತರದ ಬಿಂದು ಫ್ರೆಟ್‌ಬೋರ್ಡ್ ಕಡೆಯ ಅಂಚಿನಲ್ಲೇ ಬರಬೇಕು, ತಂತಿ ಅಲ್ಲಿಂದಲೇ ಹೊರಡಬೇಕು. ಇಳಿಜಾರು ತಿರುವುಮುರುವಾದರೆ ತಂತಿ ನಟ್‌ನ ಒಳಗೇ ಉಜ್ಜಿ ಹೊಸದೊಂದು ಝೇಂಕಾರ ಹುಟ್ಟುತ್ತದೆ, ಶ್ರುತಿಯೂ ತಪ್ಪುತ್ತದೆ. ನಾಲ್ಕೈದು ಎಳೆತಕ್ಕೊಮ್ಮೆ ತಂತಿ ಕೂರಿಸಿ, ಟ್ಯೂನ್ ಮಾಡಿ, ಮೂರನೇ ಫ್ರೆಟ್ ಪರೀಕ್ಷೆ ಮಾಡಿ. 0.15ರ ಹತ್ತಿರ ಬಂದಾಗ ಕೈ ಬಿಡಿ. ಎರಡು ಮೂರು ಗಾಡಿಗಳು ಕೆಟ್ಟಿದ್ದರೆ ಸೋಡಾ ಕಟ್ಟುವುದಕ್ಕಿಂತ ಹೊಸ ಮೂಳೆಯ ನಟ್ ಹಾಕಿಸುವುದೇ ಸರಿ.

ಸ್ಯಾಡಲ್

ಕಾಪೋ ತೆಗೆಯಿರಿ. 12ನೇ ಫ್ರೆಟ್‌ನ ನೆತ್ತಿಯಿಂದ ಓಪನ್ ತಂತಿಯ ತಳದವರೆಗೆ ಸ್ಕೇಲು ಹಿಡಿದು ಓದಿ. ಸ್ಟೀಲ್ ತಂತಿಯ ಗಿಟಾರ್‌ಗೆ ಆರನೇ ತಂತಿ 2.3ರಿಂದ 2.6 ಮಿಮೀ, ಒಂದನೇ ತಂತಿ 1.8ರಿಂದ 2 ಮಿಮೀ ಇದ್ದರೆ ಹೆಚ್ಚಿನವರಿಗೆ ಹಿತ. ಆರನೆಯದು 2ಕ್ಕಿಂತ ಕೆಳಗೆ ಬಂದರೆ ಬೆರಳುಗಳಿಂದ ಮೆಲ್ಲಗೆ ನುಡಿಸುವವರು ಹೇಗೋ ನಿಭಾಯಿಸಿಯಾರು, ಸ್ಟ್ರಮ್ ಮಾಡುವವರಿಗೆ ಬಝ್ ತಪ್ಪದು.

ಲೆಕ್ಕ ಸುಲಭ. 12ನೇ ಫ್ರೆಟ್ ತಂತಿಯ ಸರಿಮಧ್ಯದಲ್ಲಿರುವುದರಿಂದ, ಅಲ್ಲಿ ಬೇಕಾದ ಬದಲಾವಣೆಯ ಎರಡರಷ್ಟು ಸ್ಯಾಡಲ್‌ನಲ್ಲಿ ಮಾಡಬೇಕು. 1.9 ಇದ್ದದ್ದು 2.4 ಆಗಬೇಕೆಂದರೆ ಕೊರತೆ 0.5, ಸ್ಯಾಡಲ್ ಏರಬೇಕಾದದ್ದು 1 ಮಿಮೀ.

ತಂತಿ ಸಡಿಲಿಸಿ, ಇಕ್ಕಳದ ಬಾಯಿಗೆ ಟೇಪ್ ಸುತ್ತಿ, ಸ್ಯಾಡಲ್ ಅನ್ನು ನೇರ ಮೇಲಕ್ಕೆ ಎಳೆಯಿರಿ. ಯಾವ ಬದಿ ದಪ್ಪ ತಂತಿಯದು ಎಂದು ಪೆನ್ಸಿಲ್ ಗುರುತು ಮಾಡಿಕೊಳ್ಳಿ. ಅಡಿಗೆ ಇಡುವ ಪಟ್ಟಿ ಗಟ್ಟಿಯಾಗಿರಬೇಕು: ತೆಳು ಗಟ್ಟಿಮರ, ಮೂಳೆ, ಇಲ್ಲವೇ ಗಟ್ಟಿ ಪ್ಲಾಸ್ಟಿಕ್. ಅವಧಿ ಮುಗಿದ ಎಟಿಎಂ ಕಾರ್ಡ್‌ನ ದಪ್ಪ 0.76 ಮಿಮೀ, ಅಂದರೆ 12ನೇ ಫ್ರೆಟ್‌ನಲ್ಲಿ ಸುಮಾರು 0.4 ಏರುತ್ತದೆ. ಎಷ್ಟೋ ಗಿಟಾರ್‌ಗೆ ಅಷ್ಟೇ ಬೇಕಾಗಿರುತ್ತದೆ. ಪಟ್ಟಿಯನ್ನು ಸ್ಯಾಡಲ್‌ನ ಪೂರ್ತಿ ಉದ್ದ, ಪೂರ್ತಿ ಅಗಲಕ್ಕೆ ಕತ್ತರಿಸಿ. ನಡುವೆ ತುಂಡು ಬಿಟ್ಟರೆ ಕೆಲವು ತಂತಿಗಳ ದನಿ ಕುಗ್ಗುತ್ತದೆ. ಸ್ಯಾಡಲ್ ಅಡಿಯಲ್ಲಿ ಪೀಜೋ ಪಿಕಪ್ ಇದ್ದರೆ ಇದು ಇನ್ನೂ ಮುಖ್ಯ, ತಳ ಸಮವಾಗಿ ಒತ್ತದಿದ್ದರೆ ಆಂಪ್ಲಿಫೈಯರ್‌ನಲ್ಲಿ ಒಂದು ತಂತಿ ಜೋರು, ಒಂದು ಮೂಕಿ. ಯಾವುದನ್ನೂ ಅಂಟಿಸಬೇಡಿ.

ಸ್ಯಾಡಲ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಬ್ರಿಡ್ಜ್‌ನ ಗಾಡಿಯಿಂದ ಹೊರಗೆ ಬಂದರೆ ತಂತಿಯ ಎಳೆತಕ್ಕೆ ಅದು ಮುಂದಕ್ಕೆ ವಾಲಿ ಬ್ರಿಡ್ಜ್ ಅನ್ನೇ ಸೀಳಬಹುದು. ಅಷ್ಟು ಎತ್ತರ ಬೇಕಾದರೆ ಹೊಸ ಎತ್ತರದ ಸ್ಯಾಡಲ್ ಮಾಡಿಸಿ. ನೆತ್ತಿಯಲ್ಲಿ ಗುಳಿ ಬಿದ್ದ ಸ್ಯಾಡಲ್‌ಗೂ ಮದ್ದು ಇಲ್ಲೇ ಇದೆ. ಗುಳಿ ಮಾಯವಾಗುವವರೆಗೆ ನೆತ್ತಿಯನ್ನು ಉಜ್ಜಿ, ಕಿರಿದಾದ ಏಣು ಬರುವಂತೆ ದುಂಡಗೆ ಮಾಡಿ, ಕಳೆದುಕೊಂಡ ಎತ್ತರವನ್ನು ಅಡಿಯ ಪಟ್ಟಿಯಿಂದ ತುಂಬಿಕೊಳ್ಳಿ.

ಫ್ರೆಟ್

ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಎತ್ತರ ತಪ್ಪಿದರೆ ಮೇಣ ಕಾಯಿಸಿ ಮತ್ತೆ ಕೂರಿಸಬಹುದು. ಗಿಟಾರ್ ಫ್ರೆಟ್‌ಗೆ ಆ ಭಾಗ್ಯವಿಲ್ಲ. ಅದನ್ನು ಮರದ ಸೀಳಿಗೆ ಬಡಿದು ಕೂರಿಸಿರುತ್ತಾರೆ, ಸಮ ಮಾಡಬೇಕೆಂದರೆ ಸವೆಸಬೇಕು. ಅದಕ್ಕೇ ಇದು ಕೊನೆಯ ಹಂತ.

ಎದ್ದ ಫ್ರೆಟ್ ಪತ್ತೆಗೆ ಮೂರು ಫ್ರೆಟ್‌ಗಳ ಮೇಲೆ ಮಾತ್ರ ಕೂರುವಷ್ಟು ಉದ್ದದ ನೇರ ಅಂಚು ಬೇಕು. ಇದಕ್ಕೆಂದೇ ಫ್ರೆಟ್ ರಾಕರ್ ಎಂಬ ಉಕ್ಕಿನ ಪಟ್ಟಿ ಸಿಗುತ್ತದೆ. ಎಟಿಎಂ ಕಾರ್ಡ್‌ನ ಅಂಚು ಅಂದಾಜಿಗೆ ನಡೆಯುತ್ತದೆ. ಅನುಮಾನದ ಫ್ರೆಟ್ ನಡುವೆ ಬರುವಂತೆ, ತಂತಿಯ ದಾರಿಯಲ್ಲೇ ಇಟ್ಟು ಮೆಲ್ಲಗೆ ಅತ್ತಿತ್ತ ಒತ್ತಿ. ಟಕಟಕ ಅಲುಗಿದರೆ ನಡುವಿನದು ಎತ್ತರ. ಆರೂ ತಂತಿಗಳ ಕೆಳಗೆ ನೋಡಿ, ಏಕೆಂದರೆ ಫ್ರೆಟ್ ಒಂದು ತುದಿಯಲ್ಲಿ ಮಾತ್ರ ಎದ್ದಿರುವುದೇ ಹೆಚ್ಚು.

ಎದ್ದದ್ದು ಸಿಕ್ಕರೆ ಮೊದಲು ಮರದ ಕಡ್ಡಿಯಿಂದ ಅದರ ತಲೆ ಒತ್ತಿ. ಒತ್ತಿದಾಗ ಇಳಿದು ಬಿಟ್ಟಾಗ ಏಳುತ್ತಿದ್ದರೆ ಅದು ಸಡಿಲ ಫ್ರೆಟ್, ಅರದ ಕೆಲಸವೇ ಅಲ್ಲ. ಎರಡೂ ಬದಿ ಟೇಪ್ ಹಾಕಿ, ನೀರಿನಷ್ಟು ತೆಳುವಾದ ಸೂಪರ್ ಗ್ಲೂವನ್ನು ಫ್ರೆಟ್‌ನ ತುದಿಯಲ್ಲಿ ಒಂದು ಹನಿ ಇಳಿಸಿದರೆ ಸೀಳಿನೊಳಗೆ ತಾನೇ ಹರಿಯುತ್ತದೆ. ಮೇಲೆ ಮರದ ತುಂಡು ಇಟ್ಟು ಕ್ಲ್ಯಾಂಪ್‌ನಿಂದ ಐದು ಹತ್ತು ನಿಮಿಷ ಒತ್ತಿಡಿ. ಸಡಿಲ ಫ್ರೆಟ್ಟನ್ನು ಹಾಗೇ ಸವೆಸಿದರೆ ಹವೆ ಬದಲಾದಾಗ ಅದು ಕೆಳಗೆ ಕೂತು ಗುಳಿಯಾಗುತ್ತದೆ, ಆಗ ಸದ್ದು ಹಿಂದಿನ ಫ್ರೆಟ್‌ನಿಂದ ಅದಕ್ಕೇ ವರ್ಗವಾಗುತ್ತದೆ.

ಗಟ್ಟಿಯಾಗಿ ಕೂತೂ ಎತ್ತರವಿದ್ದರೆ ಮಾತ್ರ ಅರ. ತಂತಿ ಸಡಿಲಿಸಿ ಬದಿಗೆ ಸರಿಸಿ, ಫ್ರೆಟ್‌ಬೋರ್ಡ್‌ಗೆ ಟೇಪ್ ಅಂಟಿಸಿ, ಸೌಂಡ್ ಹೋಲ್ ಮುಚ್ಚಿ. ಎತ್ತರದ ಭಾಗಕ್ಕೆ ಪರ್ಮನೆಂಟ್ ಮಾರ್ಕರ್‌ನಿಂದ ಬಣ್ಣ ಬಳಿಯಿರಿ. ನಯವಾದ ಚಪ್ಪಟೆ ಅರದಿಂದ ಮೂರು ನಾಲ್ಕು ಹಗುರ ಎಳೆತ, ಮತ್ತೆ ರಾಕರ್. ಅಲುಗಾಟ ನಿಂತ ಕ್ಷಣ ನಿಲ್ಲಿಸಿ. ಈಗ ನೆತ್ತಿ ಚಪ್ಪಟೆಯಾಗಿದೆ. ಅದನ್ನು ಹಾಗೇ ಬಿಟ್ಟರೆ ಮತ್ತೆ ಸಿತಾರ್ ಸದ್ದು, ಸ್ವರವೂ ತುಸು ಏರುಪೇರು. ಮತ್ತೆ ಮಾರ್ಕರ್ ಬಳಿದು, ಅಂಚುಗಳನ್ನು ಮೊಂಡು ಮಾಡಿದ ಸಣ್ಣ ಮುಮ್ಮೂಲೆ ಅರದಿಂದ ಎರಡೂ ಬದಿ ಇಳಿಜಾರು ಉಜ್ಜಿ. ನೆತ್ತಿಯಲ್ಲಿ ಕೂದಲೆಳೆಯಷ್ಟು ಶಾಯಿಯ ಗೆರೆ ಉಳಿಯುವವರೆಗೆ ಉಜ್ಜಿ, ಆ ಗೆರೆಯನ್ನು ಮುಟ್ಟಬೇಡಿ. ಆಮೇಲೆ 600, 1000, 2000 ನಂಬರಿನ ಎಮರಿ ಪೇಪರ್ ಸಾಲಾಗಿ.

ಮೊದಲ ಮೂರು ಫ್ರೆಟ್‌ಗಳಲ್ಲಿ ಒಂದನೇ, ಎರಡನೇ ತಂತಿಗಳ ಕೆಳಗೆ ಗುಳಿ ಬಿದ್ದಿರುವುದು ಹಳೆಯ ಗಿಟಾರ್‌ಗಳಲ್ಲಿ ಮಾಮೂಲು. ಗುಳಿ ಆಳವಿಲ್ಲದಿದ್ದರೆ ಎಲ್ಲ ಫ್ರೆಟ್‌ಗಳನ್ನೂ ಒಂದೇ ಮಟ್ಟಕ್ಕೆ ಇಳಿಸುವ ಲೆವೆಲಿಂಗ್ ಮಾಡಿಸಬೇಕು. ಆಳವಿದ್ದರೆ ಆ ಕೆಲವು ಫ್ರೆಟ್‌ಗಳನ್ನು ಕಿತ್ತು ಹೊಸದು ಹಾಕಿಸಬೇಕು. ಎರಡೂ ಉದ್ದನೆಯ ನೇರ ಬೀಮ್ ಮತ್ತು ಪಳಗಿದ ಕೈ ಬೇಡುವ ಕೆಲಸ.

ಅಂಗಡಿಗೆ ಯಾವಾಗ

ಟ್ರಸ್ ರಾಡ್ ಎರಡೂ ದಿಕ್ಕಿಗೆ ಸ್ಪಂದಿಸದಿದ್ದರೆ, ನೆಕ್ ಹಗ್ಗದಂತೆ ತಿರುಚಿ ಒಂದು ಬದಿಗೆ ಒಂದು ಬಾಗು, ಇನ್ನೊಂದು ಬದಿಗೆ ಇನ್ನೊಂದು ಇದ್ದರೆ, ಬ್ರಿಡ್ಜ್ ಹಿಂಬದಿಯಲ್ಲಿ ಹಾಳೆ ತೂರುವಷ್ಟು ಎದ್ದಿದ್ದರೆ, ಕೈ ಹಿಂತೆಗೆಯಿರಿ. ಇನ್ನೊಂದು ಪರೀಕ್ಷೆ: ಬಾಗು ಸರಿಮಾಡಿದ ಮೇಲೆ ಉದ್ದನೆಯ ನೇರಪಟ್ಟಿಯನ್ನು ಫ್ರೆಟ್‌ಗಳ ಮೇಲೆ ಬ್ರಿಡ್ಜ್ ಕಡೆಗೆ ಚಾಚಿ. ಅದರ ತುದಿ ಬ್ರಿಡ್ಜ್‌ನ ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ಬ್ರಿಡ್ಜ್‌ನ ಮುಖಕ್ಕೆ ಕೆಳಗೆ ಗುದ್ದಿದರೆ ನೆಕ್‌ನ ಕೋನವೇ ತಪ್ಪಿದೆ. ಅಂಥ ಗಿಟಾರ್‌ನ ಸ್ಯಾಡಲ್ ಅನ್ನು ಯಾರೋ ಆಗಲೇ ಉಗುರಿನಷ್ಟು ತಗ್ಗಿಸಿರುತ್ತಾರೆ. ಅದಕ್ಕೆ ಮದ್ದು ನೆಕ್ ರೀಸೆಟ್, ಅಂದರೆ ನೆಕ್ ಬಿಡಿಸಿ, ಬುಡ ಕೆತ್ತಿ, ಹೊಸ ಕೋನದಲ್ಲಿ ಕೂರಿಸುವುದು. ಬೋಲ್ಟ್ ನೆಕ್ ಇದ್ದರೆ ಕೆಲಸ ಹಗುರ. ಅಂಟು ಹಾಕಿದ್ದಾದರೆ ಹಬೆ ಕೊಟ್ಟು ಬಿಡಿಸಬೇಕು, ಕೂಲಿ ಹೆಚ್ಚು. ಐದಾರು ಸಾವಿರದ ಗಿಟಾರ್‌ಗೆ ಆ ಖರ್ಚು ಹಾಕುವುದರಲ್ಲಿ ಅರ್ಥವಿಲ್ಲ, ಅದೇ ದುಡ್ಡಿಗೆ ಹೊಸದು ನೋಡಿ. ಅಂಗಡಿಗೆ ಒಯ್ಯುವಾಗ ನೀವು ಬರೆದ ತಂತಿ–ಫ್ರೆಟ್ ಪಟ್ಟಿ, ರಿಲೀಫ್ ಮತ್ತು 12ನೇ ಫ್ರೆಟ್‌ನ ಅಂಕಿಗಳನ್ನೂ ಕೊಡಿ. ಕೆಲಸ ಮುಗಿದ ಮೇಲೆ ಅದೇ ಜಾಗಗಳನ್ನು ಅವರೆದುರೇ ನುಡಿಸಿ ನೋಡಿ ಹಣ ಕೊಡಿ.